ಉಳಿದ ರಕ್ತಕ್ಕೊಂದು ಹೆಸರು

ಕೊಟ್ಟದ್ದರ ಮೇಲೆ ಹೆಸರು ಬರೆಸದಿದ್ದರೆ ಕೊಟ್ಟಂತೆಯೇ ಆಗುವುದಿಲ್ಲ ಎಂದು ನಂಬಿದ ವಂಶ ನಮ್ಮದು. ಮದುವೆಗೆ ಉಡುಗೊರೆ ಕೊಡುವ ಸ್ಟೀಲ್ ಲೋಟದ ಮೇಲೂ ಅಪ್ಪ ಹೆಸರು ಕೊರೆಸುತ್ತಿದ್ದರು. ನಮ್ಮನ್ನು ನೆನೆಯದೆ ಯಾರೂ ಗುಟುಕು ನೀರು ಕುಡಿಯುವಂತಿರಲಿಲ್ಲ. ಇಂಥ ಮನೆಯ ಮಗನಾದ ನನಗೆ ಚಳ್ಳಕೆರೆಯ ಆಸ್ಪತ್ರೆಯ ಲ್ಯಾಬಿನಲ್ಲಿ ಹೆಸರು ತೆಗೆಯುವ ಕೆಲಸ ಗಂಟುಬಿತ್ತು. ರಕ್ತ ಕಡಿಮೆಯಾದವರಲ್ಲಿ ಕೆಲವರಿಗೆ ಮಾತ್ರೆ ಯಾಕೆ ಹತ್ತುವುದಿಲ್ಲ ಎಂದು ನಮ್ಮ ಡಾಕ್ಟರ್ ಮೇಡಂ ಸಂಶೋಧನೆಗೆ ಇಳಿದಿದ್ದರು. ಪರೀಕ್ಷೆ ಮುಗಿದು ಉಳಿದ ರಕ್ತವನ್ನು ಚೆಲ್ಲದೆ, ಒಪ್ಪಿಗೆಯ ಸಹಿ ಪಡೆದು, ವಯಸ್ಸು ಮತ್ತು ರಿಪೋರ್ಟಿನ ಜೊತೆ ಎತ್ತಿಡಬೇಕು. ಹೆಸರಿನ ಜಾಗದಲ್ಲಿ ಬರೀ ನಂಬರು.

ರಕ್ತ ಕಡಿಮೆಯೆಂದು ಪರೀಕ್ಷೆಗೆ ಬಂದಿದ್ದ ಎಣ್ಣೆ ವ್ಯಾಪಾರಿ ರುದ್ರಪ್ಪನವರು ಅಲ್ಲೇ ತಗಾದೆ ತೆಗೆದರು. "ನಂಬರಾ? ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮ್ಯಾಲೆ ನಮ್ಮಪ್ಪನ ಹೆಸ್ರು ಐತೆ. ನನ್ನ ರಕ್ತ ಆ ಬೆಂಚಿಗಿಂತ ಕಡೇನಾ? ಹೆಸ್ರಿಲ್ದೆ ತೊಟ್ಟೂ ಕೊಡಲ್ಲ." ಅವರ ಹಿಂದೆ ನಿಂತವರೂ ಪೆನ್ನು ಕೆಳಗಿಟ್ಟರು. ಗೋಪ್ಯತೆ ಅಂತ ನಾನು ವಿವರಿಸಿದಷ್ಟೂ ಏನೋ ಮುಚ್ಚಿಡುತ್ತಿದ್ದೇನೆಂಬ ಗುಮಾನಿ ಬೆಳೆಯಿತು. ಬೇಕಾದ ಸೀಸೆಗಳಲ್ಲಿ ಅರ್ಧವೂ ತುಂಬಿರಲಿಲ್ಲ. ಸಂಶೋಧನೆ ನನ್ನ ಮೇಜಿನ ಮೇಲೇ ಮುಗಿಯುವಂತೆ ಕಂಡಿತು.

ಆಗ ಬಾಯಿ ಹಾಕಿದವಳು ಓಬಮ್ಮ. ದೇವಸಮುದ್ರದ ಕಡೆಯ ಕುರಿಗಾಹಿ ಮುದುಕಿ, ಕಾಲೇಜು ಓದುವ ಮೊಮ್ಮಗಳ ರಿಪೋರ್ಟಿಗೆ ಕಾಯುತ್ತಿದ್ದಳು.

"ಯಜಮಾನ್ರೇ, ನಾವು ಕುರಿಗೆ ಹೆಸ್ರಿಡಲ್ಲ, ಕಿವಿಗೆ ಗುರುತು ಹಾಕ್ತೀವಿ. ಹಂಗಂತ ಯಾವ ಕುರೀನೂ ತಪ್ಪಿಸ್ಕಂಡಿಲ್ಲ. ಈ ಹುಡುಗಿ ವರ್ಷದಿಂದ ಗುಳಿಗೆ ನುಂಗ್ತೈತೆ, ನಾಕು ಮೆಟ್ಲು ಹತ್ತಿದ್ರೆ ಕುಂತ್ಕಂತೈತೆ. ಯಾಕಂತ ನಿಮ್ಮ ರಕ್ತ ಹೇಳೀತು. ಅಡ್ಡ ಬರಬ್ಯಾಡ್ರಿ."

ರುದ್ರಪ್ಪನವರು ಹುಡುಗಿಯ ಬಿಳಿಚಿದ ಮುಖ ನೋಡಿದರು. ಸಹಿ ಹಾಕುತ್ತಾ, "ನಂಬರಾದ್ರೂ ಚೆನ್ನಾಗಿರೋದು ಕೊಡಪ್ಪ" ಎಂದರು. ಆ ಹುಡುಗಿಯೂ ಸಹಿ ಹಾಕಿದಳು. ವಾರದೊಳಗೆ ಸೀಸೆಗಳನ್ನು ಕಳಿಸುವ ಐಸ್ ಪೆಟ್ಟಿಗೆ ತುಂಬಿತು. ನನಗಂತೂ ಹಬ್ಬದಷ್ಟು ಖುಷಿ.

ಸಂಶೋಧನೆಯ ಬರಹದಲ್ಲಿ ನನ್ನ ಹೆಸರಿರುತ್ತದೆಯೇ ಎಂದು ಮೇಡಂ ಅವರನ್ನು ಮೆಲ್ಲಗೆ ಕೇಳಿದೆ. "ಲ್ಯಾಬ್ ಸಿಬ್ಬಂದಿಗೆ ಧನ್ಯವಾದ ಅಂತ ಹಾಕ್ತೀವಲ್ಲ" ಎಂದರು. ಪೆಟ್ಟಿಗೆ ಹೊರಡುವ ದಿನ ಮಾತ್ರೆಗೆಂದು ಬಂದ ಓಬಮ್ಮ ಅದನ್ನೇ ದಿಟ್ಟಿಸಿ, ಮುಚ್ಚಳದ ಮೇಲೆ ನಾನು ಬರೆದಿದ್ದ ದಪ್ಪ ಅಕ್ಷರಗಳನ್ನು ಮೊಮ್ಮಗಳಿಂದ ಓದಿಸಿದಳು.

"ಪೆಟ್ಟಿಗೆ ನಿಮ್ದಾ ಸಾಮಿ?"

"ಅಲ್ಲ."

"ರಕ್ತ?"

"ಅಲ್ಲ."

"ಮತ್ತೆ ಹೆಸ್ರು?"

ಸ್ಪಿರಿಟ್ ಹತ್ತಿ ತಂದು ಒರೆಸಿದೆ. ಇನಿಷಿಯಲ್ ಮಾತ್ರ ಹೋಗಲಿಲ್ಲ. ನಿಜ ಹೇಳುತ್ತೇನೆ, ಅಲ್ಲಿ ನಾನು ಅಷ್ಟು ಒತ್ತಿ ಉಜ್ಜಲೂ ಇಲ್ಲ.