ಮುರಿಯೋ ಮಾಲಿಗೊಂದು ಬ್ಯಾಗು

ಬೆನ್ನಿಗೆ ಹಾಕಿಕೊಳ್ಳುವ ಒಂದು ಬ್ಯಾಗು ಆರಿಸುವುದು ಬುದ್ಧಿವಂತನಾದವನಿಗೆ ಒಂದು ಮಧ್ಯಾಹ್ನದ ಕೆಲಸ ಎಂದು ನಾನು ನಂಬಿದ್ದೆ. ಆ ಬುದ್ಧಿವಂತ ಯಾರು ಎಂಬ ಬಗ್ಗೆಯೂ ನನಗೆ ಆಗ ಸಂಶಯವಿರಲಿಲ್ಲ. ಜಹೀರಾಬಾದಿನ ಬಜಾರದಲ್ಲಿ ನನ್ನದು ಕನ್ನಡಕದ ಅಂಗಡಿ. ಊರಿನ ಅರ್ಧ ಜನ ನಾನು ಕೂಡಿಸಿಕೊಟ್ಟ ಗಾಜಿನಿಂದಲೇ ಲೋಕ ನೋಡುತ್ತಾರೆ. ಅಂಥವನಿಗೆ ಒಂದು ಬ್ಯಾಗು ಕಾಣದೇ ಹೋದೀತೇ!

ಇದೆಲ್ಲ ಶುರುವಾದದ್ದು ತಾಂಡೂರಿನಲ್ಲಿರುವ ನಮ್ಮ ಶಾಂತಕ್ಕನಿಂದ. ಅಕ್ಕನ ಮೊಣಕಾಲಿಗೆ ಆಪರೇಷನ್ ಆಗಿತ್ತು. ನೋಡಲು ಹೋದಾಗ ಆಕೆ ಮಂಚದ ಮೇಲೆ ಕಾಲು ಚಾಚಿ ಎದುರಿನ ಗೋಡೆಯನ್ನೇ ದಿಟ್ಟಿಸುತ್ತಿದ್ದಳು. ಗೋಡೆಯ ಮೇಲೆ ಏನೂ ಇರಲಿಲ್ಲ.

"ಏನ್ ನೋಡ್ಲಾಕತ್ತೀದಿ ಅಕ್ಕಾ?" ಅಂದೆ.

"ಸುಣ್ಣ ನೋಡ್ಲಾಕತ್ತೀನಿ. ಮತ್ತೇನದ ಇಲ್ಲಿ?" ಎಂದಳು ಅಕ್ಕ. ಆಮೇಲೆ ದನಿ ಮೆತ್ತಗಾಯಿತು. "ತಮ್ಮಾ, ನಾಗಲಗಿದ್ದ ಊರ ಕಡಿ ನಮ್ಮ ಗುಡ್ಡ ನೆನಪದ ಏನು ನಿನಗ? ಸಣ್ಣವರಿದ್ದಾಗ ಮುಂಜಾನೆದ್ದು ಹೋಗಿ ಆ ಸೀತಾಫಲದ ಗಿಡದ ಬುಡಕ ಕುಂಡ್ರತಿದ್ವಿ. ಚಳಿಗಾಲದಾಗ ಮಂಜೆಲ್ಲಾ ಕೆಳಗ ತುಂಬಿರ್ತಿತ್ತು. ನಾವು ಮ್ಯಾಲ, ಮೋಡ ಕೆಳಗ!"

"ನೆನಪದ ಅಕ್ಕಾ."

"ಡಾಕ್ಟರು ಇನ್ನ ಗುಡ್ಡ ಹತ್ತೂದು ಮರ್ತುಬಿಡ್ರಿ ಅಂದಾರ. ನೀ ದೊಡ್ಡ ಕ್ಯಾಮೆರಾ ತಗೊಂಡೀದಿ ಅಲಾ, ಆ ಮಂಜಿಂದು ಒಂದು ಫೋಟೋ ತಂದು ಕೊಡು. ಈ ಗ್ವಾಡಿಗಿ ಹಾಕ್ತೀನಿ. ಏಳಾಕ ಬರೂತನಕ ಅದನ್ನೇ ನೋಡ್ಕೋತ ಕುಂಡ್ರತೀನಿ."

ಅಲ್ಲಿಯವರೆಗೆ ನನ್ನನ್ನು ಫೋಟೋ ತೆಗೆ ಎಂದು ಯಾರೂ ಕೇಳಿದ್ದಿಲ್ಲ. ತೆಗೆಯಬೇಡ ಎಂದವರು ಬಹಳ. ನನ್ನ ಕಣ್ಣು ತುಂಬಿ ಬಂತು. "ತಂದೇ ತರ್ತೀನಿ ಅಕ್ಕಾ" ಎಂದು ಅವಳ ಕೈ ಹಿಡಿದು ಮಾತು ಕೊಟ್ಟೆ.

ವಾಪಸು ಬರುವಾಗ ಬಸ್ಸಿನ ಕಿಟಕಿಯ ಆಚೆ ತೊಗರಿಯ ಹೊಲಗಳು ಹಳದಿ ಹೂ ಬಿಟ್ಟು ತೂಗುತ್ತಿದ್ದವು. ನನಗೆ ಮಾತ್ರ ಗುಡ್ಡ ಕಾಣುತ್ತಿತ್ತು. ಗುಡ್ಡದ ತುದಿಯಲ್ಲಿ ನಾನು ನಿಂತಿದ್ದೇನೆ. ಮಂಜು ನನ್ನ ಪಾದದ ತನಕ ಬಂದು ಅನುಮತಿ ಕೇಳುತ್ತಿದೆ. ನಾನು ಗಂಭೀರವಾಗಿ ಭುಜ ಓರೆ ಮಾಡುತ್ತೇನೆ, ಬೆನ್ನ ಮೇಲಿನ ಬ್ಯಾಗು ತಾನಾಗಿ ಮುಂದಕ್ಕೆ ಜಾರುತ್ತದೆ, ಪಕ್ಕದ ಜಿಪ್ಪು ಸದ್ದಿಲ್ಲದೆ ತೆರೆಯುತ್ತದೆ... ಅಲ್ಲಿಗೆ ಎಚ್ಚರವಾಯಿತು. ನನ್ನ ಬಳಿ ಬ್ಯಾಗೇ ಇರಲಿಲ್ಲ!

ಮರುದಿನದಿಂದ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಬ್ಯಾಗುಗಳ ವಿಡಿಯೋ ನೋಡತೊಡಗಿದೆ. ಬೆನ್ನಿಗೆ ಗಾಳಿಯಾಡಬೇಕು. ಸೊಂಟಕ್ಕೆ ಪಟ್ಟಿ ಬೇಕು. ಒಳಗೆ ಮೆತ್ತನೆಯ ಅಡ್ಡಗೋಡೆಗಳಿರಬೇಕು. ಧೂಳು ಹೊಗದಂತೆ ಗುಡ್ಡ ಮುಟ್ಟುವವರೆಗೆ ಜಿಪ್ಪು ತೆಗೆಯಲೇಬಾರದು. ವಿಡಿಯೋದ ಮನುಷ್ಯ ಹಸಿರು ಬೆಟ್ಟಗಳಲ್ಲಿ ತೇಲಿದಂತೆ ನಡೆಯುತ್ತಿದ್ದ. ಅವನ ಹಿಂದೆ ನಾನೂ ತೇಲುತ್ತಿದ್ದೆ. ಆ ತೇಲಾಟದಲ್ಲೇ ಒಬ್ಬ ಗಿರಾಕಿಗೆ ಇನ್ನೊಬ್ಬರ ಕನ್ನಡಕ ಕೊಟ್ಟು ಕಳಿಸಿದೆ. ಆತ ಸಂಜೆ ಪಕ್ಕದ ಮನೆಯವರ ಎಮ್ಮೆ ಹೊಡಕೊಂಡು ಬಂದು ತನ್ನ ಹಟ್ಟಿಯಲ್ಲಿ ಕಟ್ಟಿದನಂತೆ!

ಮೊದಲ ಬ್ಯಾಗು ಕೊರಿಯರಿನಲ್ಲಿ ಬಂತು. ಒಲ್ಲದಿದ್ದರೆ ವಾಪಸು ಕಳಿಸುವ ಸೌಕರ್ಯವಿತ್ತು. ಪಕ್ಕದ ವಾಚ್ ರಿಪೇರಿ ಅಂಗಡಿಯ ಇಸ್ಮಾಯಿಲ್ ಭಾಯಿ ಅದನ್ನು ತಟ್ಟಿ, ಕುಟ್ಟಿ ನೋಡಿದರು.

"ಮೊದಲ ಟ್ರಯಲ್ ನೋಡ್ರಿ ಸಾವ್ಕಾರ್ರೆ. ಕ್ಯಾಮೆರಾ ಮಾತ್ರ ಇಡಬ್ಯಾಡ್ರಿ. ಬಿದ್ದು ಒಡದ್ರ ಖೇಲ್ ಖತಂ!"

"ಮತ್ತ ಏನಿಟ್ಟು ನೋಡ್ಲಿ?" ಎನ್ನುತ್ತ ನಾನು ಊಟದ ಡಬ್ಬಿ ತೆಗೆದೆ. ಒಳಗೆ ಎಳ್ಳು ಹಚ್ಚಿದ ಸಜ್ಜೆಯ ಕಡಕ್ ರೊಟ್ಟಿ ಎಂದಿನಂತೆ ಚೂರುಚೂರಾಗಿತ್ತು. ತಲೆಯಲ್ಲಿ ದೀಪ ಹತ್ತಿತು. ನಮ್ಮ ಕಡೆಯ ಕಡಕ್ ರೊಟ್ಟಿಗಿಂತ ಬೇಗ ಮುರಿಯುವ ವಸ್ತುವನ್ನು ದೇವರು ಸೃಷ್ಟಿಸಿಲ್ಲ. ಮನೆಯಲ್ಲಿ ಜೋರಾಗಿ ಮಾತಾಡಿದರೆ ಸಾಕು, ಬುಟ್ಟಿಯಲ್ಲಿನ ರೊಟ್ಟಿ ಬಿರುಕು ಬಿಡುತ್ತದೆ. ರೊಟ್ಟಿ ಮುರಿಯದ ಬ್ಯಾಗಿನಲ್ಲಿ ಕ್ಯಾಮೆರಾ ಮುರಿಯುವುದುಂಟೇ? ವಿಜ್ಞಾನಕ್ಕೆ ಈ ವಿಧಾನ ಇನ್ನೂ ಹೊಳೆದಿರಲಿಲ್ಲ.

ಮರುದಿನ ಅಡ್ಡಗೋಡೆ ತೆಗೆದು ಹೊಸ ರೊಟ್ಟಿ ತುಂಬಿ, ಬ್ಯಾಗು ಏರಿಸಿಕೊಂಡು, ಕುಲುಕಾಟಕ್ಕೆಂದೇ ಮನೂರಿನ ಕಡೆಯ ಶೇರ್ ಆಟೋ ಹತ್ತಿದೆ. "ಆಚಿ ಸರೀರಿ, ಸರೀರಿ! ಮುರಿಯೋ ಮಾಲದ!" ಎಂದು ಕೂಗಿದೆ. ಜನ ಭಯಭಕ್ತಿಯಿಂದ ಜಾಗ ಬಿಟ್ಟರು.

"ಗಾಜಿನ ಸಾಮಾನೇನ್ರಿ?" ಎಂದು ಎದುರಿಗಿದ್ದ ಮುದುಕಿ ಕೇಳಿದಳು.

"ರೊಟ್ಟಿ" ಅಂದೆ.

ಬಿಟ್ಟ ಜಾಗವನ್ನೆಲ್ಲ ಜನ ವಾಪಸು ತಗೊಂಡರು! ಮನೆಗೆ ಬಂದು ತೆಗೆದರೆ ಬ್ಯಾಗಿನ ತುಂಬ ಹಿಟ್ಟು. ಎರಡನೆಯ ಬ್ಯಾಗಿನದೂ ಅದೇ ಗತಿ. ಮನೆಯಲ್ಲಿ ಮೂರು ಹೊತ್ತೂ ರೊಟ್ಟಿಯ ಚೂರನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುವುದಾಯಿತು. ಹೆಂಡತಿ ಸುವರ್ಣಾ ಹಿಟ್ಟು ಮೆತ್ತಿದ ಕೈಯನ್ನೇ ಸೊಂಟಕ್ಕಿಟ್ಟು ನಿಂತಳು.

"ಅಲ್ರೀ, ಕ್ಯಾಮೆರಾಕ್ಕ ಬ್ಯಾಗ್ ನೋಡ್ಲಾಕತ್ತೀರೋ, ಬ್ಯಾಗಿಗಿ ರೊಟ್ಟಿ ಮಾಡಸ್ಲಾಕತ್ತೀರೋ?"

"ಸ್ವಲ್ಪ ಸಣ್ಣ ಬಡಿ. ಜಿಪ್ಪಿಗಿ ತಾಗ್ತಾವ" ಎಂದೆ. ಆಕೆ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದು ಬೇಡ.

ಕೊನೆಗೆ ನಾರಾಯಣಖೇಡದ ಒಂದು ಅಂಗಡಿಯಲ್ಲಿ ಬೂದು ಬಣ್ಣದ ಒಂದು ಬ್ಯಾಗು ನನ್ನನ್ನೇ ಕಾಯುತ್ತ ನೇತಾಡುತ್ತಿತ್ತು. ಪೇಪರಿನಲ್ಲಿ ಸುತ್ತಿ ತಂದಿದ್ದ ರೊಟ್ಟಿಗಳನ್ನು ಅದರಲ್ಲಿಟ್ಟೆ. ಬೆನ್ನಿಗೇರಿಸಿಕೊಂಡೆ. ಅಂಗಡಿಯಲ್ಲೇ ಜಿಗಿದೆ. ಕುಣಿದೆ. ಮೆಟ್ಟಿಲಿಂದ ಹಾರಿದೆ. ಅಂಗಡಿಯವರು ಗಾಬರಿಯಾಗಿ ಕುಡಿಯಲು ನೀರು ತಂದರು. ಜಿಪ್ಪು ತೆಗೆದರೆ ರೊಟ್ಟಿಗಳೆಲ್ಲ ಇಡಿಯಾಗಿ, ದುಂಡಗೆ, ಎಳ್ಳಿನ ಸಮೇತ ನಗುತ್ತಿದ್ದವು. ನಾನು ಆ ಅಂಗಡಿಯವರನ್ನು ಅಪ್ಪಿಕೊಂಡೆ.

ಇಷ್ಟೆಲ್ಲ ನಡೆಯುವಾಗ ಕ್ಯಾಮೆರಾ ಎಲ್ಲಿತ್ತು ಎಂದು ಕೇಳಬಹುದು. ರೊಟ್ಟಿಯ ತಗಡಿನ ಡಬ್ಬಿಯಲ್ಲಿತ್ತು! ರೊಟ್ಟಿಗಳನ್ನು ಡಬ್ಬಿಯಿಂದ ಬುಟ್ಟಿಗೆ ಹಾಕಿ, ತೇವ ತಾಗದಿರಲೆಂದು ಧೋತರದಲ್ಲಿ ಸುತ್ತಿದ ಕ್ಯಾಮೆರಾವನ್ನು ನಾನೇ ಆ ಖಾಲಿ ಡಬ್ಬಿಯಲ್ಲಿ ಇಟ್ಟಿದ್ದೆ. ಮನೆಯಲ್ಲಿ ಇನ್ನೊಂದು ಬದಲಾವಣೆಯೂ ಆಗಿತ್ತು. ಆಟೋದ ಕಥೆ ಕೇಳಿ ನಕ್ಕಿದ್ದ ಸುವರ್ಣಾ ರೊಟ್ಟಿಗೆ ರೊಟ್ಟಿ ಎನ್ನುವುದನ್ನೇ ಬಿಟ್ಟಿದ್ದಳು. ಊಟಕ್ಕೆ ಕೂತರೆ "ಇನ್ನೊಂದು ಮುರಿಯೋ ಮಾಲು ಹಾಕ್ಲೇನ್ರಿ?" ಎಂದು ಕೇಳುತ್ತಿದ್ದಳು. ನಾನೂ ನಗುತ್ತ "ಹಾಕು" ಎನ್ನುತ್ತಿದ್ದೆ. ನಕ್ಕದ್ದು ತಪ್ಪಾಯಿತು.

ಹೊರಡುವ ನಸುಕಿನಲ್ಲಿ ನಾನು ಹೊಸ ಬೂಟಿನ ಲಾಡಿಯ ಜೊತೆ ಕುಸ್ತಿ ಹಿಡಿದಿದ್ದೆ. ಅಲ್ಲಿಂದಲೇ ಕೂಗಿದೆ.

"ಸುವರ್ಣಾ, ಮುರಿಯೋ ಮಾಲು ಬ್ಯಾಗಿನಾಗ ಇಡು. ಹುಷಾರ್! ಉಳಿದ ಜಾಗಾದಾಗ ನೀರು, ಮೊಸರು, ಹಿಂಡಿ-ಚಟ್ನಿ ಏನರೆ ತುರುಕು."

"ಹೂಂರಿ, ಇಟ್ಟೀನಿ" ಎಂದಳು ಒಳಗಿನಿಂದ.

ಬ್ಯಾಗು ಭಾರವಿತ್ತು. ಲೆನ್ಸಿನ ಭಾರವೇ ಬೇರೆ ಎಂದುಕೊಂಡೆ. ಬೈಕಿನ ಹಿಂದೆ ಸುವರ್ಣಾ ಅದನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನನ್ನ ಫೋನನ್ನು ಮನೆಯಲ್ಲೇ ಬಿಟ್ಟಿದ್ದೆ. ನಿಜವಾದ ಛಾಯಾಗ್ರಾಹಕ ಫೋನನ್ನು ಮುಟ್ಟಬಾರದು ಎಂಬುದು ನನ್ನ ಸಿದ್ಧಾಂತ.

ಗುಡ್ಡ ಹತ್ತುವಾಗ ಕೆಂಪು ಮಣ್ಣು ಇಬ್ಬನಿಗೆ ನೆನೆದು ಮೆತ್ತಗಿತ್ತು. ಬ್ಯಾಗು ಈಗ ನನ್ನ ಬೆನ್ನ ಮೇಲಿತ್ತು. ಮೇಲೆ ಬಂದು ತಿರುಗಿ ನೋಡಿದರೆ, ಅಯ್ಯೋ, ಏನು ಹೇಳಲಿ! ಅಕ್ಕನ ಮಂಜು ಅಲ್ಲೇ ಇತ್ತು. ನಾವು ದೊಡ್ಡವರಾದದ್ದು ಅದಕ್ಕೆ ಗೊತ್ತೇ ಇರಲಿಲ್ಲ. ಹೊಲ, ಊರು, ರಸ್ತೆ ಎಲ್ಲ ಬಿಳುಪಿನಲ್ಲಿ ಮುಳುಗಿ, ಬೇವಿನ ಮರಗಳ ತಲೆಗಳಷ್ಟೇ ಹೊರಗಿದ್ದವು. ಎಲ್ಲೋ ತಳದಲ್ಲಿ ಕಾಣದ ಬಸ್ಸೊಂದು ಹಾರ್ನ್ ಹೊಡೆಯುತ್ತ ಕನಸಿನಲ್ಲಿ ಹೋದಂತೆ ಹೋಯಿತು. ಎಮ್ಮೆಯ ಕೊರಳ ಗಂಟೆ ಕೇಳಿಸಿತು. ಸೂರ್ಯ ಇನ್ನೇನು ಬರಲಿದ್ದ. ಮಂಜಿನ ಅಂಚು ನಸುಗೆಂಪಾಯಿತು. ಸುವರ್ಣಾ ಸೆರಗು ಹೊದ್ದು ನಿಂತಳು. ನನಗೆ ಎದೆ ತುಂಬಿ ಬಂತು.

ಈಗ! ಭುಜ ಓರೆ ಮಾಡಿದೆ. ಅಂದು ಬಸ್ಸಿನಲ್ಲಿ ಕಂಡಂತೆಯೇ ಬ್ಯಾಗು ಮುಂದಕ್ಕೆ ಜಾರಿತು. ಪಕ್ಕದ ಜಿಪ್ಪು ಸದ್ದಿಲ್ಲದೆ ತೆರೆಯಿತು. ಕಣ್ಣನ್ನು ಮಂಜಿನಿಂದ ಕೀಳದೆ ಕೈ ಒಳಗೆ ಹಾಕಿದೆ. ದುಂಡಗಿನದೊಂದು ಸಿಕ್ಕಿತು. ಬೆರಳಿಗೆ ಎಳ್ಳು ಹತ್ತಿತು.

"ಸುವರ್ಣಾ... ಕ್ಯಾಮೆರಾ?"

"ಡಬ್ಬ್ಯಾಗ ಅದ."

"ಯಾವ ಡಬ್ಬ್ಯಾಗ?"

"ಮನ್ಯಾಗಿಂದು ರೊಟ್ಟಿ ಡಬ್ಬಿರಿ. ನೀವೇ ಇಟ್ಟೀರಲ್ಲ!"

"ಮುರಿಯೋ ಮಾಲು ಇಡು ಅಂದಿದ್ನಲ್ಲ!"

"ಇಟ್ಟೀನಲ್ರೀ! ನಮ್ಮ ಮನ್ಯಾಗ ಮುರಿಯೋ ಮಾಲು ಅಂದ್ರೇನು? ಎಣಿಸಿಕೋರಿ, ಒಂದರೆ ಮುರದದ ಏನು ನೋಡ್ರಿ!"

ನೋಡಿದೆ. ಒಂದೂ ಮುರಿದಿರಲಿಲ್ಲ!

ನಾನು ಕಲ್ಲಿನ ಮೇಲೆ ಕುಸಿದು ಕೂತೆ. ಕೈಯಲ್ಲಿ ರೊಟ್ಟಿ. ಅಕ್ಕನ ಖಾಲಿ ಗೋಡೆ ಕಣ್ಣಿಗೆ ಕಟ್ಟಿತು.

"ನನ್ನ ಫೋನಿನಾಗ ತಗೀಲೇನ್ರಿ?" ಎಂದಳು ಸುವರ್ಣಾ.

"ಬ್ಯಾಡ! ಫೋನಿನಾಗ ತಗದದ್ದು ಫೋಟೋ ಅಲ್ಲ!" ಎಂದು ಗುಡುಗಿದೆ. ಸಿದ್ಧಾಂತ ಸಿದ್ಧಾಂತವೇ. ಆಮೇಲೆ ದುಃಖಕ್ಕೋ, ಹಸಿವೆಗೋ, ಕೈಯಲ್ಲಿದ್ದ ರೊಟ್ಟಿಯನ್ನು ಕಡಿದೆ. ಕಟ್ ಎಂದು ಸದ್ದಾಯಿತು. ಪಕ್ಕದಲ್ಲಿ ಇನ್ನೊಂದು ಸಣ್ಣ ಸದ್ದಾದಂತಿತ್ತು, ಗಮನಿಸಲಿಲ್ಲ. ಬಿಸಿಲೇರಿತು. ಮಂಜು ಎದ್ದು ತನ್ನ ದಾರಿ ಹಿಡಿಯಿತು. ಮರುದಿನ ಕ್ಯಾಮೆರಾ ಸಮೇತ ಮತ್ತೆ ಹೋದೆ. ಅದರ ಮರುದಿನವೂ ಹೋದೆ. ಬರೀ ಬಿಸಿಲು. ಆ ಚಳಿಗಾಲದಲ್ಲಿ ಮಂಜು ಮತ್ತೆ ನನಗೆ ಮುಖ ತೋರಿಸಲಿಲ್ಲ.

ತಾಂಡೂರಿಗೆ ಹೋಗುವಾಗ ದಾರಿಯುದ್ದಕ್ಕೂ ಕ್ಷಮೆಯ ಮಾತು ಬಾಯಿಪಾಠ ಮಾಡಿಕೊಂಡೆ. ಅಕ್ಕನ ಕೋಣೆಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತುಬಿಟ್ಟೆ.

ಗೋಡೆಯ ಮೇಲೆ ದೊಡ್ಡದೊಂದು ಫೋಟೋ. ಮಂಜು! ನಸುಗೆಂಪು ಅಂಚು, ಬೇವಿನ ಮರಗಳ ತಲೆಗಳು. ನಟ್ಟನಡುವೆ ಬಾಯ್ತೆರೆದು ರೊಟ್ಟಿ ಕಡಿಯುತ್ತಿರುವ ನಾನು!

"ಸುವರ್ಣಾ ಫೋನಿಗಿ ಕಳಿಸಿದ್ಳು. ಸ್ಟುಡಿಯೋದಾಗ ದೊಡ್ಡದು ಮಾಡಿಸೀನಿ" ಎಂದಳು ಅಕ್ಕ. ಅವಳ ಕಣ್ಣುಗಳು ಒದ್ದೆಯಾಗಿದ್ದವು. "ಅದೇ ಮಂಜು ನೋಡೋ ತಮ್ಮಾ. ದಿನಾ ಮುಂಜಾನೆ ಕಣ್ಣು ತೆಗೆದ್ರ ಗುಡ್ಡದ ಮ್ಯಾಲೇ ಇದ್ದಂಗ ಆಗ್ತದ."

ನನ್ನ ಎದೆ ಉಬ್ಬಿತು. ಫೋಟೋ ನಾನು ತೆಗೆಯದಿದ್ದರೇನಂತೆ? ನಾನಿಲ್ಲದೆ ಅದಾಗುತ್ತಿತ್ತೇ? ಬ್ಯಾಗಿಲ್ಲದೆ ಆಗುತ್ತಿತ್ತೇ? ಹೀಗೆ ತೇಲತೊಡಗಿದ್ದೆ. ಅಷ್ಟರಲ್ಲಿ ಅಕ್ಕ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಫೋಟೋ ನೋಡಿದಳು. ಕನ್ನಡಕ ನಾನೇ ಮಾಡಿಕೊಟ್ಟದ್ದು. ಎಲ್ಲವೂ ಸ್ವಚ್ಛ ಕಾಣುತ್ತದೆ.

"ಎಲ್ಲಾ ಛಲೋ ಬಂದದ. ನೀ ಒಬ್ಬಾವ ನಡುವ ಅಡ್ಡ ಕುಂತೀದಿ ನೋಡು. ಸ್ವಲ್ಪ ಆಚಿ ಸರದಿದ್ರ ಆ ಸೀತಾಫಲದ ಗಿಡ ಕಾಣತಿತ್ತು."