ಪುಕ್ಕಟೆ ವೈನಿಗೆ ಮಂಡಿಪೇಟೆಯ ಪರೀಕ್ಷೆ

ನನಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ದಾವಣಗೆರೆಯ ಮಂಡಿಪೇಟೆಗೆ ಬಂದು ಯಾರನ್ನು ಬೇಕಾದರೂ ಕೇಳಿ. ಅಲ್ಲಿ ನನ್ನದು ಅಕ್ಕಿ, ಬೇಳೆಯ ಹೋಲ್‌ಸೇಲ್ ಅಂಗಡಿ. ಚೀಲದ ಪಕ್ಕ ಸುಮ್ಮನೆ ಹಾದುಹೋದರೂ ಸಾಕು, ಒಳಗಿರುವ ತೊಗರಿಬೇಳೆ ಈ ವರ್ಷದ್ದೋ ಹೋದ ವರ್ಷದ್ದೋ ಎಂದು ನನ್ನ ಮೂಗು ಹೇಳುತ್ತದೆ. ಮೂವತ್ತು ವರ್ಷದ ವ್ಯಾಪಾರದಲ್ಲಿ ನಾನು ಕಲಿತ ಪಾಠ ಒಂದೇ: ಪುಕ್ಕಟೆ ಎಂಬ ಪದಾರ್ಥ ಪ್ರಪಂಚದಲ್ಲಿ ಇಲ್ಲ. ಯಾರಾದರೂ ಕೊಸರು ಜಾಸ್ತಿ ಹಾಕಿದರೆ ಅವರ ತಕ್ಕಡಿಯನ್ನು ಎರಡು ಸಲ ನೋಡಬೇಕು.

ಹೀಗಿರುವಾಗ ಹರಿಹರದಿಂದ ನಮ್ಮ ಬೀಗರು ಹಾಲೇಶಪ್ಪನವರ ಫೋನ್ ಬಂತು. ನಮ್ಮ ಮಗಳು ವೀಣಾಳನ್ನು ಎರಡು ವರ್ಷದ ಹಿಂದೆ ಅವರ ಮಗನಿಗೆ ಕೊಟ್ಟಿದ್ದೇವೆ. ಬೀಗರದು ಸಿಮೆಂಟ್ ಅಂಗಡಿ.

"ಬೀಗ್ರೇ, ಈ ಸಲ ಸಿಮೆಂಟ್ ಭಾಳ ಹೋಗೈತೆ ಅಂತ ಕಂಪನಿಯೋರು ನಾಲ್ಕು ಮಂದಿಗೆ ಹಡಗಿನ ಟೂರ್ ಕೊಟ್ಟಾರೆ. ನೀವು, ಸುಮಂಗಲಮ್ಮೋರು ಇಬ್ರೂ ಬರ್ರಿ. ಊಟ, ತಿಂಡಿ, ಕುಡಿಯೋದು ಎಲ್ಲಾ ಅದ್ರಾಗೇ ಐತೆ. ಎಲ್ಲಾ ಪುಕ್ಕಟೆ!"

ಆ ಕೊನೆಯ ಪದ ಕೇಳಿದ್ದೇ ತಡ, ನನ್ನ ಕಿವಿ ನೆಟ್ಟಗಾಯಿತು. ಒಡಹುಟ್ಟಿದ ತಮ್ಮಂದಿರು ಮೂವರಿದ್ದಾರೆ ಈ ಮನುಷ್ಯನಿಗೆ. ಅವರನ್ನೆಲ್ಲ ಬಿಟ್ಟು ನಮ್ಮನ್ನು ಏಕೆ ಕರೆಯುತ್ತಿದ್ದಾರೆ? ಇದರ ಹಿಂದೆ ಏನೋ ಇದೆ!

"ಪ್ರೀತಿಯಿಂದ ಕರೆದಾರೆ ಕಣ್ರಿ," ಎಂದಳು ನನ್ನ ಹೆಂಡತಿ ಸುಮಂಗಲ. "ನಿಮಗೆ ದೇವರ ಪ್ರಸಾದ ಕೊಟ್ರೂ ಮೂಸಿ ನೋಡೋ ಚಾಳಿ."

ಮಗಳು ವೀಣಾ ಮಾತ್ರ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದಳು: "ಅಪ್ಪಾ, ಹೋಗ್ಬರ್ರಿ. ಆದ್ರೆ ನಮ್ಮತ್ತೆ ಎಲ್ಲಾನೂ ನೋಡ್ತಿರ್ತಾರೆ. ಅಲ್ಲೇನಾದ್ರೂ ಎಡವಟ್ಟು ಮಾಡಿದ್ರೆ ನಾನಿಲ್ಲಿ ವರ್ಷಗಟ್ಲೆ ಕೇಳ್ಬೇಕಾಗ್ತೈತೆ."

ಅವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ ಅನ್ನಪೂರ್ಣಮ್ಮನವರು, ಕುಡಿಯುವವರ ಮನೆಯಲ್ಲಿ ನೀರನ್ನೂ ಮುಟ್ಟದವರು. ಸಂಬಂಧ ಕುದುರುವ ಮೊದಲು "ಹುಡುಗಿಯ ತಂದೆಗೆ ಕುಡಿತದ ಚಟ ಐತಾ?" ಎಂದು ಮಂಡಿಪೇಟೆಯಲ್ಲಿ ಮೂವರ ಹತ್ತಿರ ವಿಚಾರಿಸಿದ್ದರು. ಮೂವರೂ "ಆಣೆ ಮಾಡಿ ಹೇಳ್ತೀವಿ, ಇಲ್ಲ" ಎಂದಿದ್ದರು. ನಿಜವಾಗಿಯೂ ಇಲ್ಲ! ನನ್ನ ಮಗಳು ಆ ಮನೆಯಲ್ಲಿ ತಲೆ ಎತ್ತಿಕೊಂಡು ಓಡಾಡುತ್ತಿರುವುದು ಈ ಒಂದು ಗುಣದ ಬಲದಿಂದ ಎಂದರೂ ತಪ್ಪಿಲ್ಲ.

ಹೋದೆವು. ಹಡಗೆಂದರೆ ಅದೊಂದು ತೇಲುವ ಊರು. ನಮ್ಮ ಕೋಣೆಯಲ್ಲಿ ಮೇಜಿನ ಮೇಲೆ ಒಂದು ಬುಟ್ಟಿ ತುಂಬ ಹಣ್ಣು. "ಮುಟ್ಟಬ್ಯಾಡ!" ಎಂದು ಸುಮಂಗಲಳ ಕೈ ತಡೆದೆ. ಮೊಬೈಲಿನಲ್ಲಿ ಬುಟ್ಟಿಯ ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಂಡೆ. ನಾಳೆ "ಒಂದು ಬಾಳೆಹಣ್ಣು ಕಡಿಮೆ ಇದೆ" ಎಂದು ಯಾರಾದರೂ ತಕರಾರು ತೆಗೆದರೆ ಸಾಕ್ಷಿ ಬೇಕಲ್ಲ? ಅರಬ್ಬಿ ಸಮುದ್ರದ ಮೇಲೆ, ಐಷಾರಾಮಿ ಸೋಫಾದಲ್ಲಿ ಕುಳಿತು, ನಾವಿಬ್ಬರೂ ದಾವಣಗೆರೆಯಿಂದ ಕಟ್ಟಿಕೊಂಡು ಹೋಗಿದ್ದ ಖಾರಾ ಮಂಡಕ್ಕಿ ತಿಂದೆವು.

ಸಂಜೆ ನಾಲ್ವರೂ ಊಟದ ಹಾಲಿಗೆ ಹೋದೆವು. ತೂಗುದೀಪ, ಬಿಳಿ ಮೇಜುಬಟ್ಟೆ, ಒಬ್ಬೊಬ್ಬರ ಮುಂದೆಯೂ ಮೂರು ಮೂರು ಗಾಜಿನ ಲೋಟ. ಕರಿ ಕೋಟು ತೊಟ್ಟ ನಡುವಯಸ್ಸಿನ ವೇಟರ್ ಒಂದು ದಪ್ಪ ಪುಸ್ತಕ ಹಿಡಿದು ಬಂದು ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದ. ನಮ್ಮ ನಾಲ್ವರಲ್ಲಿ ಇಂಗ್ಲಿಷ್ ಬರುವುದು ಬೀಗರಿಗೆ ಮಾತ್ರ.

"ಊಟದ ಜೊತಿಗೆ ವೈನ್ ಅಂತೆ ಬೀಗ್ರೇ. ಇದ್ರಾಗ ಯಾವುದು ಬೇಕೋ ಆರಿಸ್ಕೋಬೇಕಂತೆ. ಪುಕ್ಕಟೆ," ಎಂದವರು ವೇಟರನ ಕಡೆ ತಿರುಗಿ, "ನಮಗೆ ಬ್ಯಾಡ, ಇವರನ್ನ ಕೇಳು" ಎನ್ನುವಂತೆ ನನ್ನತ್ತ ಕೈ ತೋರಿಸಿಬಿಟ್ಟರು!

ಅನ್ನಪೂರ್ಣಮ್ಮನವರು ಚಮಚೆ ಕೆಳಗಿಟ್ಟು ನನ್ನನ್ನೇ ನೋಡತೊಡಗಿದರು. ನನಗೆ ಎಲ್ಲವೂ ಸ್ಪಷ್ಟವಾಯಿತು. ಓಹೋ, ಇದಕ್ಕಾ ಕರೆದುಕೊಂಡು ಬಂದಿದ್ದು? ಎರಡು ವರ್ಷದ ಹಿಂದಿನ ವಿಚಾರಣೆ ಇನ್ನೂ ಮುಗಿದಿಲ್ಲ!

"ಬ್ಯಾಡ ಅನ್ರಿ," ಎಂದು ಸುಮಂಗಲ ಮೇಜಿನಡಿ ಕಾಲು ತುಳಿದಳು.

ಹೇಳಬಹುದಿತ್ತು. ಎರಡೇ ಅಕ್ಷರ. ಆದರೆ ಬುದ್ಧಿವಂತನಿಗೆ ಎರಡಕ್ಷರದಲ್ಲಿ ಮುಗಿಯುವ ಕೆಲಸ ಯಾವುದಿದೆ? ಗಡಬಡಿಸಿ "ಬ್ಯಾಡ ಬ್ಯಾಡ" ಎಂದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗುತ್ತದೆ. ಅದೂ ಅಲ್ಲದೆ ನಮ್ಮ ಮಂಡಿಪೇಟೆಯಲ್ಲಿ ಒಂದು ಪದ್ಧತಿ ಇದೆ. ನೆಂಟರಿಷ್ಟರು ಮಾಲು ತಂದಾಗ, ಕೊಳ್ಳುವ ಮನಸ್ಸು ಇಲ್ಲದಿದ್ದರೂ ಬೇಡ ಎನ್ನುವಂತಿಲ್ಲ. ಅದು ಅವಮಾನ. ಮರ್ಯಾದೆಯಿಂದ ಮಾದರಿ ತರಿಸಬೇಕು, ನೋಡಬೇಕು, ಒಂದೊಂದಕ್ಕೂ ಒಂದೊಂದು ಕೊಂಕು ತೆಗೆಯಬೇಕು. ಮೂರನೆಯ ಕೊಂಕಿಗೆ ಮಾರುವವನೇ ಚೀಲ ಕಟ್ಟಿಕೊಂಡು ಹೊರಡುತ್ತಾನೆ. ಎಚ್ಚರ ವಹಿಸಬೇಕಾದ್ದು ಒಂದೇ ವಿಷಯದಲ್ಲಿ: ತಲೆದೂಗಬಾರದು! ಮಾದರಿ ನೋಡಿ ತಲೆದೂಗಿದಿರೋ, ವ್ಯಾಪಾರ ಕುದುರಿತು ಎಂದೇ ಅರ್ಥ. ಆಮೇಲೆ ಬಾಯಲ್ಲಿ ಏನು ಹೇಳಿದರೂ ನಡೆಯುವುದಿಲ್ಲ. ಮೂವತ್ತು ವರ್ಷದಲ್ಲಿ ನನ್ನ ತಲೆ ನನ್ನ ಅಪ್ಪಣೆಯಿಲ್ಲದೆ ಒಮ್ಮೆಯೂ ಆಡಿಲ್ಲ.

"ಮಾದರಿ ತೋರಿಸು ಅನ್ರಿ ಬೀಗ್ರೇ," ಎಂದೆ.

ವೇಟರ್ ಬಾಟಲಿ ಬಿಚ್ಚಿ ಲೋಟಕ್ಕೆ ಒಂದೇ ಒಂದು ಗುಟುಕು ಸುರಿದು, ನನ್ನ ತಲೆಯನ್ನೇ ನೋಡುತ್ತ ನಿಂತ. ನನಗೆ ಜೀವ ಬಂದಂತಾಯಿತು. ಇವರದೂ ನಮ್ಮದೇ ಪದ್ಧತಿ! ಮಾದರಿ ಕೊಟ್ಟು ತಲೆದೂಗುವುದನ್ನು ಕಾಯುತ್ತಿದ್ದಾನೆ, ಖದೀಮ!

ನಾನು ಶಾಸ್ತ್ರೋಕ್ತವಾಗಿ ಪರೀಕ್ಷೆ ಆರಂಭಿಸಿದೆ. ಮೊದಲು ದೀಪದ ಬೆಳಕಿಗೆ ಹಿಡಿದು ಬಣ್ಣ ನೋಡಿದೆ. ಅಂಗೈಯಲ್ಲಿ ಕಾಳು ಹಾಕಿ ಹೊಟ್ಟು ಬೇರೆ ಮಾಡಲು ಅಲುಗಿಸುತ್ತೇವಲ್ಲ, ಹಾಗೆ ಲೋಟವನ್ನು ಗುಂಡಗೆ ಅಲುಗಿಸಿದೆ. ಮೂಗು ಒಳಗೆ ಇಳಿಸಿ ಮೂಸಿದೆ. ಆಮೇಲೆ, ಅಕ್ಕಿ ಹಳೆಯದೋ ಹೊಸದೋ ಎಂದು ನಾಲ್ಕು ಕಾಳು ಅಗಿದು ಉಗುಳುವ ಹಾಗೆ, ಬಾಯಿಗೆ ಹಾಕಿ ಒಮ್ಮೆ ಹೊರಳಿಸಿ, ಪಕ್ಕದ ಖಾಲಿ ಬಟ್ಟಲಿಗೆ ಉಗುಳಿದೆ. ಒಂದು ಹನಿಯೂ ಗಂಟಲಿಗೆ ಇಳಿಯಲಿಲ್ಲ. ಅನ್ನಪೂರ್ಣಮ್ಮನವರ ಎದುರಿಗೇ, ಮೇಜಿನ ಮೇಲೇ, ನನ್ನ ಶುದ್ಧ ಚಾರಿತ್ರ್ಯ ಸಾಬೀತಾಯಿತು!

"ಕಟ್ಟಿಗೆ ವಾಸನೆ ಹೊಡಿತೈತೆ," ಎಂದು ಮುಖ ಕಿವುಚಿದೆ.

ಬೀಗರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ವೇಟರ್ ಬೇಸರ ಮಾಡಿಕೊಳ್ಳಬೇಕಿತ್ತು. ಅವನ ಕಣ್ಣು ಅರಳಿತು! ಆ ವೈನನ್ನು ಮರದ ಪೀಪಾಯಿಯಲ್ಲೇ ಇಟ್ಟು ಹದ ಮಾಡುತ್ತಾರಂತೆ. "ಬಾಯಿಗೆ ಹಾಕಿದ ಕೂಡ್ಲೇ ಹೆಂಗೆ ಹೇಳಿದ್ರು ಅಂತ ಕೇಳ್ತಾನೆ ಬೀಗ್ರೇ," ಎಂದರು ಹಾಲೇಶಪ್ಪ, ನನ್ನನ್ನು ಒಂದು ಥರಾ ನೋಡುತ್ತ.

ಎರಡನೆಯದು ಬಂತು. "ಹುಳಿ ಜಾಸ್ತಿ, ಕಾಯಿ ಇದ್ದಾಗ್ಲೇ ಕಿತ್ತಾರೆ," ಎಂದೆ. ವೇಟರ್ ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡ.

ಮೂರನೆಯದಕ್ಕೆ ನನ್ನ ಬ್ರಹ್ಮಾಸ್ತ್ರ ಬಿಟ್ಟೆ. ಮಂಡಿಪೇಟೆಯಲ್ಲಿ ಈ ಮಾತಿಗೆ ಎದುರು ಮಾತೇ ಇಲ್ಲ: "ಇದು ಕೊಯ್ಲಿನಾಗ ಮಳೆಗೆ ಸಿಕ್ಕ ಮಾಲು!"

ವೇಟರ್ ಓಡಿಯೇ ಹೋದ. ಗೆದ್ದೆ ಎಂದುಕೊಂಡೆ. ಎರಡು ನಿಮಿಷದಲ್ಲಿ ಬೆಳ್ಳಿಗೂದಲಿನ ಒಬ್ಬ ವಿದೇಶಿ ಯಜಮಾನರೊಂದಿಗೆ ವಾಪಸ್ ಬಂದ. ಅವರು ಹಡಗಿನ ವೈನಿಗೆಲ್ಲ ಮುಖ್ಯಸ್ಥರಂತೆ. ಬಾಟಲಿಯ ಚೀಟಿ ಓದಿದರು, ಕಣ್ಣು ಮುಚ್ಚಿ ಏನೋ ನೆನಪು ಮಾಡಿಕೊಂಡರು, ಆಮೇಲೆ ನನ್ನ ಎರಡೂ ಕೈ ಹಿಡಿದು ಕುಲುಕತೊಡಗಿದರು. ಆ ವೈನು ತಯಾರಾದ ವರ್ಷ, ಅವರ ದೇಶದ ಆ ಊರಿನಲ್ಲಿ ದ್ರಾಕ್ಷಿ ಕೀಳುವ ವಾರ ನಿಜವಾಗಿಯೂ ಮಳೆ ಬಂದಿತ್ತಂತೆ!

"ನಿಮ್ಮಂಗೆ ನೋಡಿ, ಮೂಸಿ, ಉಗುಳೋದು ಪಳಗಿದೋರಿಗೆ ಮಾತ್ರ ಬರ್ತೈತಂತೆ," ಎಂದು ಬೀಗರು ತರ್ಜುಮೆ ಮಾಡಿದರು. "ಉಳಿದೋರು ಸುಮ್ನೆ ನುಂಗಿಬಿಡ್ತಾರಂತೆ."

ಅನ್ನಪೂರ್ಣಮ್ಮನವರ ಮುಂದಿದ್ದ ಸೂಪು ಆರಿ ಕೆನೆಗಟ್ಟಿತ್ತು.

ಕೋಣೆಗೆ ಬಂದ ಮೇಲೆ ಸುಮಂಗಲ ಬಾಗಿಲು ಹಾಕಿ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ನಿಜ ಹೇಳ್ರಿ. ಯಾವಾಗಿಂದ?"

"ಏ, ಒಂದು ಹನಿ ಒಳಗೆ ಹೋಗಿಲ್ಲ ಕಣೇ!"

"ಮತ್ತೆ ಭಾನುವಳ್ಳಿಗೆ ಭತ್ತ ನೋಡಾಕ ಅಂತ ಹೋಗಿ, ಬರೋವಾಗ ಬಾಯ್ತುಂಬ ಎಲೆಅಡಿಕೆ ಹಾಕ್ಕೊಂಡು ಬರ್ತೀರಲ್ಲ, ಅದು ಯಾತರ ವಾಸನೆ ಮುಚ್ಚಾಕೆ?"

ಮೂವತ್ತು ವರ್ಷದ ನನ್ನ ಎಲೆಅಡಿಕೆ ಒಂದೇ ಗಳಿಗೆಯಲ್ಲಿ ಅಪರಾಧಿ ಸ್ಥಾನದಲ್ಲಿ ನಿಂತಿತು!

ಮರುದಿನ ಬೆಳಿಗ್ಗೆ ಬಾಗಿಲ ಕೆಳಗಿನಿಂದ ಒಂದು ಪತ್ರ ಒಳಗೆ ಬಂತು. ಬಿಲ್ಲೇ ಇರಬೇಕೆಂದು ಓದಿಸಲು ಬೀಗರಿಗೆ ಕೊಟ್ಟೆ. ಬಿಲ್ಲಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂದು ಸಂಜೆ ಕ್ಯಾಪ್ಟನ್ನರ ಮೇಜಿನಲ್ಲಿ ಕುಳಿತು, ಇಡೀ ಹಾಲಿಗೆ ಬಡಿಸುವ ವೈನನ್ನು ನಾನೇ ಆರಿಸಿ ಕೊಡಬೇಕೆಂದು ಅದರಲ್ಲಿ ವಿನಂತಿಸಿದ್ದರು!

ಬೀಗರು ನನ್ನನ್ನು ಮೆಲ್ಲಗೆ ಡೆಕ್ಕಿನ ಮೂಲೆಗೆ ಕರೆದುಕೊಂಡು ಹೋದರು. "ಬೀಗ್ರೇ, ನನ್ನ ಹತ್ರ ಮುಚ್ಚುಮರೆ ಯಾಕ? ಎಷ್ಟು ವರ್ಷ ಆತು?"

"ಮುಟ್ಟಿಲ್ಲ ಬೀಗ್ರೇ, ಮಗಳಾಣೆ!"

"ಮುಟ್ಟದೋರಿಗೆ ಆ ದೇಶದಾಗ ಮಳೆ ಬಂದಿದ್ದು ಹೆಂಗೆ ಗೊತ್ತಾಗ್ತೈತೆ?"

ಅದು ಬರೀ ಬಾಯಿಮಾತು, ಮಂಡಿಪೇಟೆಯಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತೇವೆ ಎಂದು ವಿವರಿಸಿದೆ. ಅವರು "ಹೂಂ, ಹೂಂ" ಎಂದರು. ನಾನು ತೊಗರಿ ಕೊಳ್ಳುವಾಗ ಅನ್ನುವ "ಹೂಂ" ಕೂಡ ಥೇಟ್ ಅದೇ. ಒಂದಕ್ಷರವನ್ನೂ ಅವರು ನಂಬಿರಲಿಲ್ಲ.

ಸಂಜೆ ಕ್ಯಾಪ್ಟನ್ನರ ಮೇಜಿನಲ್ಲಿ ನನ್ನ ಮುಂದೆ ಮೂರು ಲೋಟ ಇಟ್ಟರು. ಯಾರೋ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಹಾಲಿನ ಜನವೆಲ್ಲ ತಿರುಗಿ ನೋಡಿತು. ಎದುರಿನ ಮೇಜಿನಲ್ಲಿ ಸುಮಂಗಲ, ಬೀಗರು, ಮತ್ತು ಮೊಬೈಲನ್ನು ನೆಟ್ಟಗೆ ನನ್ನ ಕಡೆ ಹಿಡಿದ ಅನ್ನಪೂರ್ಣಮ್ಮನವರು. ನಾನು ಮನಸ್ಸಿನಲ್ಲೇ ಮಗಳನ್ನು ನೆನೆಸಿಕೊಂಡು, ಏನಾದರೂ ಆಗಲಿ ಮೂರನ್ನೂ ತಿರಸ್ಕರಿಸಿ ಎದ್ದುಬಿಡುವುದೆಂದು ನಿಶ್ಚಯಿಸಿದೆ.

ಮೊದಲನೆಯದನ್ನು ಮೂಸಿ ದೂರ ತಳ್ಳಿದೆ. ಎರಡನೆಯದನ್ನೂ ತಳ್ಳಿದೆ. ಜನ "ಆಹಾ" ಎಂದರು. ಒಂದನ್ನಾದರೂ ಬಾಯಿಗೆ ಹಾಕದಿದ್ದರೆ ಮರ್ಯಾದೆ ಅಲ್ಲವೆಂದು ಮೂರನೆಯದನ್ನು ಬಾಯಿಗೆ ಹಾಕಿಕೊಂಡು, ಹೊರಳಿಸಿ, ಉಗುಳಲು ಬಟ್ಟಲು ಹುಡುಕಿದೆ.

ಬಟ್ಟಲು ಇಲ್ಲ!

ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಆಸುಪಾಸಿನಲ್ಲಿ ಬಟ್ಟಲಿನ ಆಕಾರದಲ್ಲಿ ಇದ್ದದ್ದು ಒಂದೇ: ಪಕ್ಕದ ಕುರ್ಚಿಯ ಮೇಲೆ ಅಂಗಾತ ಬಿದ್ದಿದ್ದ ಕ್ಯಾಪ್ಟನ್ನರ ಬಿಳಿ ಟೋಪಿ. ಅರೆಕ್ಷಣ ಅದನ್ನೂ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಕ್ಯಾಪ್ಟನ್ನರು ಪ್ರೀತಿಯಿಂದ ನನ್ನ ಬೆನ್ನು ತಟ್ಟಿದರು.

ನುಂಗಿಬಿಟ್ಟೆ.

ಇಲ್ಲಿ ಒಂದು ನಿಜವನ್ನು ಒಪ್ಪಿಕೊಳ್ಳಬೇಕು. ಇಷ್ಟು ಹೇಳಿದ ಮೇಲೆ ಅದೊಂದನ್ನು ಮುಚ್ಚಿಟ್ಟು ಏನು ಪ್ರಯೋಜನ? ಚೆನ್ನಾಗಿತ್ತು. ಕಳಿತ ನೇರಳೆಹಣ್ಣಿನ ಒಗರು, ಅದರ ಹಿಂದೆಯೇ ಒಂದು ಬೆಚ್ಚನೆಯ ಸಿಹಿ. ನನ್ನ ನಾಲಿಗೆ ಮೂವತ್ತು ವರ್ಷದಿಂದ ಮಾಲು ನೋಡಿದ ನಾಲಿಗೆ. ಒಳ್ಳೆಯ ಮಾಲು ಸಿಕ್ಕಾಗ ಅದು ಯಾರ ಮಾತನ್ನೂ ಕೇಳುವುದಿಲ್ಲ. ತಡೆಯಬೇಕು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ನನ್ನ ತಲೆ ತಾನಾಗಿಯೇ ಒಮ್ಮೆ ಕೆಳಗೆ ಹೋಗಿ ಮೇಲೆ ಬಂತು.

ತಲೆದೂಗಿಬಿಟ್ಟೆ!

ಚಪ್ಪಾಳೆಯೋ ಚಪ್ಪಾಳೆ. ಬೆಳ್ಳಿಗೂದಲಿನ ಯಜಮಾನರು ಕಣ್ಣೊರೆಸಿಕೊಂಡರು. ಬಂಗಾರದ ಕಾಗದ ಸುತ್ತಿದ ಒಂದು ಬಾಟಲಿಯನ್ನು ಉಡುಗೊರೆ ಎಂದು ನನ್ನ ಕೈಗಿಟ್ಟರು. ಅನ್ನಪೂರ್ಣಮ್ಮನವರು ಮಾತ್ರ ಐಸ್‌ಕ್ರೀಮನ್ನೂ ಮುಟ್ಟದೆ ಎದ್ದು ಹೋದರು.

ಊಟ ಮುಗಿಯುವ ಮೊದಲೇ ಹಡಗಿನ ವೈಫೈ ಹಿಡಿದು ವೀಣಾಳ ಫೋನ್ ಬಂತು.

"ಅಪ್ಪಾ, ಅತ್ತೆ ಮನೆ ಗ್ರೂಪಿಗೆ ವಿಡಿಯೋ ಹಾಕ್ಯಾರೆ."

"ಅದು ಹಂಗಲ್ಲಮ್ಮಾ, ಬಟ್ಟಲು ಇರ್ಲಿಲ್ಲ..."

"ಬಟ್ಟಲು ಬಿಡ್ರಿ ಅಪ್ಪಾ. ತಲೆ ಯಾಕ ತೂಗಿದ್ರಿ?"

ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನ್ ಇಟ್ಟೆ. ಮನಸ್ಸಿಗೆ ಬಹಳ ಕೆಟ್ಟದೆನಿಸಿತು. ಆ ಹುಡುಗಿ ಕೇಳಿದ್ದು ಒಂದೇ ಒಂದು, ಎಡವಟ್ಟು ಮಾಡಬೇಡಿ ಎಂದು.

ಕೊನೆಯ ದಿನ ಇಳಿಯುವ ಮುನ್ನ ತರ್ಜುಮೆಗೆ ಬೀಗರನ್ನು ಕರೆದುಕೊಂಡು ಕೌಂಟರಿಗೆ ಹೋಗಿ, ಕಡೆಗಾದರೂ ನನ್ನ ಸಂಶಯ ನಿಜವಾಗಲಿ ಎಂಬ ಆಸೆಯಿಂದ, "ಬಿಲ್ಲು ಕೊಡಿ" ಎಂದೆ. ಬಿಲ್ಲೇ ಇಲ್ಲ ಎಂದರು. ಬರೆದು ಕೊಡಿ ಎಂದೆ. ಬರೆದೂ ಕೊಟ್ಟರು. ಹಣ್ಣು, ಊಟ, ವೈನು, ಬಾಟಲಿ ಎಲ್ಲವೂ ನಿಜವಾಗಿ ಪುಕ್ಕಟೆ! ಬೀಗರು ಕರೆದದ್ದರ ಕಾರಣವೂ ಆಮೇಲೆ ತಿಳಿಯಿತು. ಸೊಸೆ ಬಂದ ಮೇಲೆ ಅಂಗಡಿಗೆ ಒಳ್ಳೆಯದಾಯಿತು, ಅವಳ ತಂದೆತಾಯಿಯನ್ನು ಒಮ್ಮೆ ಸುತ್ತಾಡಿಸೋಣ ಎಂದು ಅವರಿಗೆ ಅನಿಸಿತ್ತಂತೆ. ಅಷ್ಟೇ. ನಾನು ಸಂಶಯಪಟ್ಟ ಒಂದೊಂದೂ ಸಾಚಾ. ಇಡೀ ಹಡಗಿನಲ್ಲಿ ಸಂಶಯಕ್ಕೆ ಈಡಾದ ಮಾಲು ನಾನೊಬ್ಬನೇ!

ಈಗ ಹರಿಹರಕ್ಕೆ ಹೋದರೆ ಅನ್ನಪೂರ್ಣಮ್ಮನವರು ನನಗೆ ಬೇರೆ ಲೋಟದಲ್ಲಿ ಕಾಫಿ ಕೊಡುತ್ತಾರೆ. ವೀಣಾ "ನಮ್ಮಪ್ಪ ಅಂಥೋರಲ್ಲ" ಎಂದು ವಾದಿಸಿ ವಾದಿಸಿ ಸುಸ್ತಾಗಿ, ಈಚೆಗೆ "ಬಿಟ್ಟುಬಿಟ್ಟಾರೆ" ಎಂದು ಹೇಳಲು ಶುರು ಮಾಡಿದ್ದಾಳೆ. ಹಿಡಿಯದೆ ಇದ್ದದ್ದನ್ನು ಬಿಟ್ಟ ಕೀರ್ತಿ ನನಗೆ. ಅಂಗಡಿಯಲ್ಲೂ ಸುಖವಿಲ್ಲ, ವಿಡಿಯೋ ಜೊತೆಗೆ ಮಳೆಯ ಕಥೆಯೂ ಮಂಡಿಪೇಟೆ ತಲುಪಿದೆ. ಪಕ್ಕದ ಬೆಲ್ಲದ ವ್ಯಾಪಾರಿ ಒಂದು ದಿನ ಪೇಪರಿನಲ್ಲಿ ಸುತ್ತಿದ ಬಾಟಲಿ ತಂದು, "ಸಾಹುಕಾರ್ರೇ, ಇದಕ್ಕೆ ಮಳೆ ಹೊಡೆದೈತಾ, ಒಂಚೂರು ನೋಡಿ ಹೇಳ್ರಿ" ಎಂದ.

ಉಡುಗೊರೆ ಬಾಟಲಿ ಬೀರುವಿನ ಮೇಲಿದೆ. ಸುಮಂಗಲ ಅದನ್ನು ಎಸೆಯಲೂ ಬಿಡುವುದಿಲ್ಲ. ಸಾಕ್ಷಿ ಇರಲಿ ಎನ್ನುತ್ತಾಳೆ. ನಾಲ್ಕು ಕಡೆಯಿಂದ ಅದರ ಫೋಟೋ ಬೇರೆ ತೆಗೆದಿಟ್ಟುಕೊಂಡಿದ್ದಾಳೆ.

ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದರೆ ಬಾಗಿಲಲ್ಲೇ ನಿಂತಿರುತ್ತಾಳೆ. ಚಪ್ಪಲಿ ಬಿಡುವ ಮೊದಲೇ "ಹಾ ಅನ್ರಿ" ಎನ್ನುತ್ತಾಳೆ. ಅನ್ನುತ್ತೇನೆ. ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸುತ್ತಾಳೆ, ಮೂಗು ಹತ್ತಿರ ತಂದು ಒಮ್ಮೆ ಮೂಸುತ್ತಾಳೆ, ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ಮೂಸುತ್ತಾಳೆ. ಮಾಲು ಶುದ್ಧವಾಗಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಇವತ್ತಿನವರೆಗೆ ಒಂದು ಸಲವೂ ತಲೆದೂಗಿಲ್ಲ!