ನನ್ನ ಒಪ್ಪಿಗೆ ಇಲ್ಲ ಅಂದ ಅತ್ತೆ

ನಮ್ಮ ಸೋದರತ್ತೆ ಒಂದೇ ಒಂದು ಸಲ ಹೂಂ ಅಂದಿದ್ದರೆ ನಮ್ಮ ಮಾವ ಇಷ್ಟು ಹೊತ್ತಿಗೆ ಮಂತ್ರಿಯಾಗಿರುತ್ತಿದ್ದರು! ಹೀಗಂತ ನಾನು ಹೇಳುತ್ತಿಲ್ಲ, ಮಾವನೇ ಹೇಳುತ್ತಾರೆ. ಯಾವ ಖಾತೆ ಎಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಿ, "ಅದು ಮುಖ್ಯಮಂತ್ರಿಗಳಿಗೆ ಬಿಟ್ಟಿದ್ದು" ಎನ್ನುತ್ತಾರೆ. ಜಯಪುರದ ಬಸ್‌ಸ್ಟ್ಯಾಂಡಿನ ಎದುರಿಗೆ ಅವರದ್ದು ಛತ್ರಿ, ಟಾರ್ಚು, ರೇನ್‌ಕೋಟು ಮಾರುವ ಅಂಗಡಿ. ಅಲ್ಲಿ ಕೂತು ಈ ಮಾತು ಹೇಳುವಾಗ ಅವರ ಮುಖದಲ್ಲಿ ನಗು ಇರುವುದಿಲ್ಲ. ಹಾಗಾಗಿ ಗಿರಾಕಿಗಳೂ ನಗುವುದಿಲ್ಲ, ಛತ್ರಿ ಮಡಚಿಕೊಂಡು ಮೆಲ್ಲಗೆ ಇಳಿದು ಹೋಗುತ್ತಾರೆ.

ಅತ್ತೆಗೂ ಹೂಂ ಅನ್ನುವುದಕ್ಕೂ ಮೊದಲಿನಿಂದ ಆಗಿಬರುವುದಿಲ್ಲ. ಶೃಂಗೇರಿಯ ಜವಳಿ ಅಂಗಡಿಗೆ ಹೋದರೆ ಸೀರೆಯನ್ನು ಬಿಸಿಲಿಗೆ ತಂದು ನೋಡಬೇಕು, ಅಂಚಿಗೆ ನೀರು ಹಚ್ಚಿ ಉಜ್ಜಿ ನೋಡಬೇಕು. ಅವರು ಬಸ್ಸಿಳಿದು ಬರುವುದು ಕಂಡರೆ ಅಂಗಡಿಯವನೇ ಒಂದು ಚೊಂಬು ನೀರು ತಂದು ಮೆಟ್ಟಿಲ ಮೇಲೆ ಇಡುತ್ತಿದ್ದ.

ಆದರೆ ಅತ್ತೆಯ ನಿಜವಾದ ಕೀರ್ತಿ ಇದ್ದದ್ದು ಗಂಡಿನ ಮನೆ ನೋಡುವುದರಲ್ಲಿ. ನಮ್ಮ ಬಳಗದಲ್ಲಿ ಹೆಣ್ಣು ಕೊಡುವ ಮುಂಚೆ ಅತ್ತೆ ಹೋಗಿ ಮನೆ ನೋಡಿಕೊಂಡು ಬರಲೇಬೇಕು. ಉಳಿದವರೆಲ್ಲ ಜಗಲಿಯಲ್ಲಿ ಕೂತು ಕೇಸರಿಬಾತು ತಿನ್ನುತ್ತಿದ್ದರೆ ಇವರು ಮನೆ ಸುತ್ತಿಕೊಂಡು ಸೀದಾ ಹಿತ್ತಲಿಗೆ ಹೋಗುತ್ತಿದ್ದರು. ಬಚ್ಚಲು, ಕೊಟ್ಟಿಗೆ, ಬಟ್ಟೆ ಹರಗಿದ ಹಗ್ಗ ಎಲ್ಲ ನೋಡುವುದು, ಪಾತ್ರೆ ತೊಳೆಯುವವಳ ಹತ್ತಿರ ಕೂತು ಎಲೆ ಅಡಿಕೆ ಹಾಕುವುದು. ಆಮೇಲೆ ಬಂದು ಆಗುತ್ತದೆ ಅಥವಾ ಆಗುವುದಿಲ್ಲ, ಎರಡರಲ್ಲಿ ಒಂದು ಹೇಳುವುದು. ನನಗೆ ಬಂದಿದ್ದ ಒಂದು ಒಳ್ಳೆಯ ಸಂಬಂಧ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮುರಿದುಬಿತ್ತು. ಅಲ್ಲಿ ಅತ್ತೆ ಎಂತ ಕಂಡರೋ ಇವತ್ತಿನವರೆಗೂ ನನಗೆ ಗೊತ್ತಿಲ್ಲ.

ಇಂಥವರನ್ನು ರಾಜಕೀಯಕ್ಕೆ ತಂದ ಪುಣ್ಯಾತ್ಮರು ಬೇರೆ ಯಾರೂ ಅಲ್ಲ, ಮಾವನೇ. ಅವರು ಆಗ ಒಂದು ಪಕ್ಷದ ಹೋಬಳಿ ಘಟಕದ ಕಾರ್ಯದರ್ಶಿ. ಘಟಕದಲ್ಲಿ ಒಬ್ಬರಾದರೂ ಹೆಂಗಸರು ಇರಬೇಕು ಎಂದು ಮೇಲಿನವರು ಹೇಳಿಕಳಿಸಿದರು. ಮಾವ ಮನೆಗೆ ಬಂದು, "ನಿನ್ನ ಹೆಸರು ಕೊಟ್ಟಿದ್ದೀನಿ ಮಾರಾಯ್ತಿ, ನೀ ಎಂತ ಮಾಡದೂ ಬೇಡ. ಸುಮ್ನೆ ಕೂತ್ಕಂಡ್ರೆ ಸಾಕು" ಅಂದರು. ನಲವತ್ತು ಜನರ ಮದುವೆಯೂಟದಲ್ಲೂ ಸುಮ್ಮನೆ ಕೂರದವರಿಗೆ ಹೇಳುವ ಮಾತೇ ಅದು?

ನಾನು ಆಗ ಜಯಪುರದ ಶಾಲೆಯಲ್ಲಿ ಟೀಚರಾಗಿದ್ದೆ, ಅತ್ತೆ ಮನೆಯಲ್ಲೇ ಇದ್ದೆ. ಘಟಕದ ಸಭೆ ಅಲ್ಲೇ ಜಗಲಿಯಲ್ಲಿ ನಡೆಯುತ್ತಿತ್ತು. ಕಾಫಿ ಕೊಡುವ ಕೆಲಸ ನನ್ನದು, ಹಾಗಾಗಿ ಒಂದು ಮಾತೂ ತಪ್ಪಿಹೋಗಿಲ್ಲ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ಚುನಾವಣೆ ಬಂದ ಕಾಲ ಅದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಸೇರಿ ನಮ್ಮದು ಒಂದು ವಿಧಾನಸಭಾ ಕ್ಷೇತ್ರವಲ್ಲವೆ, ಟಿಕೆಟ್ಟು ಬೇಕಾದವರು ಮೂರೂ ತಾಲೂಕು ಸುತ್ತಿ ಪ್ರತಿ ಹೋಬಳಿಯ ಘಟಕದವರ ಬೆಂಬಲ ಕೇಳುತ್ತಿದ್ದರು. ಘಟಕದವರು ಸಭೆ ಸೇರಿ 'ಇಂಥವರಿಗೆ ಕೊಡಿ' ಎಂದು ಸರ್ವಾನುಮತದಿಂದ ಶಿಫಾರಸು ಮಾಡುವುದು ಪದ್ಧತಿ. ಸರ್ವಾನುಮತ ಅಂದರೆ ಏನು? ಅಧ್ಯಕ್ಷರು ಗೋಳಿಬಜೆ ತಿನ್ನುತ್ತಾ, "ಎಲ್ರದ್ದೂ ಒಪ್ಪಿಗೆ ಉಂಟಲ್ಲ?" ಎನ್ನುವುದು, ಉಳಿದವರ ಬಾಯಲ್ಲಿ ಗೋಳಿಬಜೆ ಇರುವುದರಿಂದ ತಲೆ ಆಡಿಸುವುದು. ಹೆಸರು ಹಿಂದಿನ ದಿನವೇ ಯಾರದೋ ಜೀಪಿನಲ್ಲಿ ತೀರ್ಮಾನವಾಗಿರುತ್ತಿತ್ತು.

ಅತ್ತೆಯ ಮೊದಲನೇ ಸಭೆ. ನರಸಿಂಹರಾಜಪುರದ ಕಡೆಯ ಒಬ್ಬರ ಹೆಸರು ಬಂತು. ಅಧ್ಯಕ್ಷರು ಎಂದಿನಂತೆ ಕೇಳಿದರು. ತಲೆಗಳು ಆಡಿದವು.

"ನನ್ನ ಒಪ್ಪಿಗೆ ಇಲ್ಲ" ಅಂದರು ಅತ್ತೆ.

ಅಧ್ಯಕ್ಷರಿಗೆ ಗೋಳಿಬಜೆ ನೆತ್ತಿಗೆ ಹತ್ತಿತು. ನೀರು ಕುಡಿದು ಸುಧಾರಿಸಿಕೊಂಡು, "ಎಂತಕ್ಕೆ ಅತ್ತಿಗೆ? ಅವ್ರು ಒಳ್ಳೆ ಜನ" ಎಂದರು.

"ಇರಬಹುದು. ನಾನು ಮನೆ ನೋಡಿಲ್ಲ."

"ಮನೆ ಎಂತಕ್ಕೆ ನೋಡದು? ಹೆಣ್ಣು ಕೊಡದಾ?"

"ಹೆಣ್ಣು ಕೊಟ್ರೆ ಒಂದು ಮನೆ ಹಾಳಾಗ್ತದೆ. ಇದು ಮೂರು ತಾಲೂಕು" ಅಂದರು ಅತ್ತೆ.

ಮುಂದಿನ ಭಾನುವಾರ ನನ್ನನ್ನೂ ಹೊರಡಿಸಿಕೊಂಡು ಬಸ್ಸು ಹತ್ತಿದರು. ಕೊಪ್ಪದಲ್ಲಿ ಇಳಿದು ಇನ್ನೊಂದು ಬಸ್ಸು. ಆ ಮನೆಗೆ ಹೋಗಿ, ನೀರು ಕೇಳುವ ನೆಪದಲ್ಲಿ ಹಿಂದಿನಿಂದ ಒಳಸೇರಿದ್ದಾಯಿತು. ಟಿಕೆಟ್ಟಿನ ಆಕಾಂಕ್ಷಿ ಎದುರಿನ ಜಗಲಿಯಲ್ಲಿ ಕೂತು ಹಳ್ಳಿಹಳ್ಳಿಗೂ ಕುಡಿಯುವ ನೀರು ಕೊಡುವ ಬಗ್ಗೆ ಜನರಿಗೆ ಹೇಳುತ್ತಿದ್ದದ್ದು ನಮಗೂ ಕೇಳಿಸುತ್ತಿತ್ತು. ಹಿತ್ತಲಿನಲ್ಲಿ ಅವರ ವಯಸ್ಸಾದ ತಾಯಿ ರಾಟೆ ಮುರಿದ ಬಾವಿಯಿಂದ ಬರಿಗೈಯಲ್ಲಿ ಹಗ್ಗ ಎಳೆಯುತ್ತಿದ್ದರು. "ರಾಟೆ ಮುರಿದು ಎಷ್ಟು ದಿನ ಆಯ್ತು?" ಎಂದು ಅತ್ತೆ ಕೇಳಿದರು. "ಹೋದ ಎಲೆಕ್ಷನ್ನಿಂದ ಹೀಂಗೇ ಉಂಟು ಮಗಾ" ಎಂದಿತು ಮುದುಕಿ.

ಅತ್ತೆ ಹಿತ್ತಲು ನೋಡಿಹೋದ ಸುದ್ದಿ ನಾವು ಜಯಪುರದಲ್ಲಿ ಬಸ್ಸಿಳಿಯುವ ಮೊದಲೇ ಅವರ ಕಿವಿಗೆ ಬಿತ್ತೋ ಏನೋ, ಮರುವಾರವೇ ಆ ಮನೆಗೆ ಹೊಸ ರಾಟೆ ಬಂತು. ಅದನ್ನು ಅತ್ತೆಗೆ ತಿಳಿಸುವುದಕ್ಕೆಂದೇ ಒಬ್ಬರು ಬೈಕಿನಲ್ಲಿ ಬಂದಿದ್ದರು. ಅತ್ತೆ ಅವರಿಗೆ ಕಾಫಿ ಕೊಟ್ಟು, "ಒಂದು ಮಳೆಗಾಲ ಕಳೀಲಿ, ಆಮೇಲೆ ನೋಡಣ" ಎಂದು ಕಳಿಸಿದರು. ಚುನಾವಣೆ ಇದ್ದದ್ದು ಮಳೆಗಾಲಕ್ಕೆ ಮೊದಲು!

ಸುದ್ದಿ ಹಬ್ಬಿತು. ಟಿಕೆಟ್ಟಿನ ಆಸೆ ಇದ್ದವರೆಲ್ಲ ಹಿತ್ತಲು ಗುಡಿಸತೊಡಗಿದರು. ಒಬ್ಬರು ಕೊಟ್ಟಿಗೆಗೆ ಸುಣ್ಣ ಹೊಡೆಸಿದರು, ಇನ್ನೊಬ್ಬರು ಬಚ್ಚಲಿಗೆ ಟೈಲ್ಸು ಹಾಕಿಸಿದರು. ಹೆಂಗಸರೆಲ್ಲ ಅತ್ತೆಗೆ ಮನಸ್ಸಿನಲ್ಲೇ ಕೈ ಮುಗಿದಿರಬೇಕು. ಶೃಂಗೇರಿ ಕಡೆಯ ಒಬ್ಬರಂತೂ ಅತ್ತೆ ಬರುವ ದಿನ ತಿಳಿದುಕೊಂಡು ಹಿತ್ತಲಿನಲ್ಲಿ ಕುರ್ಚಿ, ಮೇಜು, ಹೂವಿನ ಕುಂಡ ಎಲ್ಲ ಇಡಿಸಿ ಕಾದಿದ್ದರು. ಅತ್ತೆ ಅವತ್ತು ಎದುರು ಬಾಗಿಲಿನಿಂದ ಹೋದರು! ಅಲ್ಲಿ ಜಗಲಿಯ ಮೇಲೆ ಹಿತ್ತಲಿನ ಒಡಕು ಬಕೆಟ್ಟು, ಹರಕು ಗೋಣಿ, ಜ್ವರ ಬಂದು ಮಲಗಿದ್ದ ಕೆಲಸದವನು, ಎಲ್ಲವನ್ನೂ ತಂದು ರಾಶಿ ಹಾಕಿದ್ದರು. "ಕೆಲಸದವನಿಗೆ ಮಾತ್ರೆ ಕೊಡಿ ಮೊದಲು" ಎಂದು ಹೇಳಿ ಅತ್ತೆ ಹಾಗೇ ತಿರುಗಿದರು.

ಇಲ್ಲಿಯವರೆಗೆ ಮಾವನಿಗೂ ಇದೆಲ್ಲ ತಮಾಷೆಯಾಗಿಯೇ ಇತ್ತು. ಹೆಂಡತಿಯ ಪ್ರತಾಪವನ್ನು ಅಂಗಡಿಯಲ್ಲಿ ಕೂತು ಹೇಳಿಕೊಂಡು ನಗುತ್ತಿದ್ದರು. ಆಮೇಲೆ ತಾಲೂಕು ಪಂಚಾಯಿತಿ ಚುನಾವಣೆ ಬಂತು, ಮಾವನಿಗೇ ಟಿಕೆಟ್ಟಿನ ಆಸೆ ಹುಟ್ಟಿತು.

ಆಸೆ ಅಂದರೆ ಅಂತಿಂಥ ಆಸೆಯಲ್ಲ. ಇಪ್ಪತ್ತು ವರ್ಷ ಪಕ್ಷಕ್ಕೆ ಬಾವುಟ ಕಟ್ಟಿದವರು, ಇನ್ನೊಬ್ಬರ ಭಾಷಣಕ್ಕೆ ಮೈಕು ಹಿಡಿದವರು. ಒಂದು ಸಲ ತಮ್ಮ ಹೆಸರು ಗೋಡೆಯ ಮೇಲೆ ಬರಬೇಕೆಂದು ಅವರಿಗೆ ಜೀವದಷ್ಟು ಆಸೆ ಇತ್ತು. ಘಟಕದವರಿಗೂ ಅವರೇ ಬೇಕು. ಆದರೆ ಶಿಫಾರಸು ಸರ್ವಾನುಮತದಿಂದ ಹೋದರೆ ಮಾತ್ರ ಕೊಪ್ಪದ ತಾಲೂಕು ಘಟಕದವರು ಎದುರು ಮಾತಾಡುವುದಿಲ್ಲ. ಒಂದು ಅಪಸ್ವರ ಬಂದರೂ ತಮ್ಮವನೊಬ್ಬನನ್ನು ತಂದು ಕೂರಿಸುತ್ತಾರೆ. ಅಂದರೆ ಮಾವನ ಟಿಕೆಟ್ಟು ಇದ್ದದ್ದು ಮಾವನ ಅಡಿಗೆಮನೆಯಲ್ಲಿ.

ಆ ಹದಿನೈದು ದಿನ ನಾನು ಕಂಡಂಥ ಪ್ರಚಾರವನ್ನು ಬೇರೆಲ್ಲೂ ಕಂಡಿಲ್ಲ. ಮಾವ ಬಚ್ಚಲ ಒಲೆಗೆ ಬೆಂಕಿ ಹಾಕಿದರು, ತಾವೇ ತೆಂಗಿನಕಾಯಿ ತುರಿದರು. ಉಪ್ಪು ಮರೆತ ಸಾರನ್ನು ಎರಡೆರಡು ಸಲ ಬಡಿಸಿಕೊಂಡು, "ಇವತ್ತು ಸಾರು ಭಾರಿ ಲಾಯ್ಕಾಗಿದೆ" ಎಂದರು. ಅತ್ತೆ ಒಂದು ತುತ್ತು ತಿಂದು ನೋಡಿ ಮಾವನ ಮುಖವನ್ನೇ ನೋಡಿದರು.

ಸಭೆಯ ದಿನ ಅಧ್ಯಕ್ಷರು ನಗುನಗುತ್ತಾ, "ಈ ಸಲ ಅತ್ತಿಗೇರು ಮನೆ ನೋಡಕ್ಕೆ ಬಸ್ಸು ಹತ್ತೋದು ಬೇಡ" ಅಂದರು. ಎಲ್ಲರೂ ನಕ್ಕರು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಾಚಿಕೊಂಡು ಕೂತಿದ್ದರು.

"ನೋಡಿದ್ದೀನಿ" ಅಂದರು ಅತ್ತೆ, "ಇಪ್ಪತ್ತಾರು ವರ್ಷ ನೋಡಿದ್ದೀನಿ. ನನ್ನ ಒಪ್ಪಿಗೆ ಇಲ್ಲ."

ನಾನು ಕಾಫಿ ತಟ್ಟೆ ಹಿಡಿದುಕೊಂಡು ಹಾಗೇ ನಿಂತೆ. ಕಡೆಗೆ ಅಧ್ಯಕ್ಷರೇ, "ಇವ್ರಲ್ಲಿ ಎಂತ ಕೊರತೆ ಅತ್ತಿಗೆ?" ಎಂದು ಕೇಳಿದರು.

"ಇವ್ರಿಗೆ ಯಾರಿಗೂ ಇಲ್ಲ ಅನ್ನಕ್ಕೆ ಬರಲ್ಲ. ಮೊನ್ನೆ ಉಳಿದಿದ್ದ ಒಂದೇ ಟಾರ್ಚನ್ನ ಮೂರು ಜನಕ್ಕೆ ಕೊಡ್ತೀನಿ ಅಂದ್ರು. ನಾಳೆ ಒಂದೇ ರಸ್ತೆನ ಮೂರು ಊರಿಗೆ ಕೊಡ್ತೀನಿ ಅಂತಾರೆ. ಆಮೇಲೆ ಊರವರು ಯಾರನ್ನ ಕೇಳದು?"

ಅದು ಸುಳ್ಳಲ್ಲ. ಆ ಮೂವರೂ ಒಂದೇ ದಿನ ಬಂದಾಗ ಮಾವ ಅಂಗಡಿಯ ಹಿಂದಿನ ಬಾಗಿಲಿನಿಂದ ಹೋಗಿ ಬಸ್ಸು ಹತ್ತಿ ಬಾಳೆಹೊನ್ನೂರಿನವರೆಗೆ ಹೋಗಿಬಂದಿದ್ದರು.

ಟಿಕೆಟ್ಟು ಕೊಪ್ಪದ ಒಬ್ಬ ಕಂಟ್ರಾಕ್ಟರನಿಗೆ ಹೋಯಿತು. ಮಾವ ಅತ್ತೆಯ ಹತ್ತಿರ ಮಾತು ಬಿಟ್ಟರು. ಊಟಕ್ಕೆ ಕೂತು, "ಮಜ್ಜಿಗೆ ಬೇಕಂತೆ ಅಂತ ಹೇಳು" ಎಂದು ನನಗೆ ಹೇಳುವುದು, "ತಟ್ಟೆ ಪಕ್ಕದಲ್ಲೇ ಉಂಟಂತೆ ಅಂತ ಹೇಳು" ಎಂದು ಅತ್ತೆಯೂ ನನಗೇ ಹೇಳುವುದು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವುದೇ ಎಷ್ಟೋ ಸುಖವಾಗಿತ್ತು.

ಅಷ್ಟರಲ್ಲಿ ಅಂಗಡಿಗೆ ಬರುವವರೆಲ್ಲ, "ನೀವು ಪಕ್ಷೇತರ ನಿಲ್ಲಿ ಮಾರಾಯ್ರೆ, ನಾವಿದ್ದೀವಿ" ಎಂದು ಹಿಡಿದುಕೊಂಡರು. ಇಲ್ಲ ಅನ್ನಲಿಕ್ಕೆ ಬರಬೇಕಲ್ಲ! ಮಾವ ನಿಂತೇಬಿಟ್ಟರು. ಛತ್ರಿ ಮಾರುವವರಿಗೆ ಛತ್ರಿಯ ಗುರುತೇ ಬೇಕಿತ್ತು. ಸಿಕ್ಕಿದ್ದು ಸೀಲಿಂಗ್ ಫ್ಯಾನು. ಮಳೆ, ಚಳಿಯ ನಮ್ಮ ಕಡೆ ಯಾರ ಮನೆಯಲ್ಲಿ ಫ್ಯಾನಿದೆ? ಎಷ್ಟೋ ಮನೆಗಳಲ್ಲಿ ಅದು ಏನೆಂದು ಮೊದಲು ವಿವರಿಸಿ, ಆಮೇಲೆ ಓಟು ಕೇಳಬೇಕಾಯಿತು.

ಪಕ್ಷದ ವಿರುದ್ಧ ನಿಂತ ಮೇಲೆ ಉಚ್ಚಾಟನೆ ಮಾಡಲೇಬೇಕು. ಅದಕ್ಕೂ ಘಟಕದ್ದೇ ನಿರ್ಣಯ, ಅದೇ ಜಗಲಿ, ಕಾಫಿ ಕೊಡಲು ನಾನೇ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಅತ್ತೆಯ ಕಡೆ ನೋಡಲಾರದೆ ಸೂರು ನೋಡುತ್ತಾ, "ಎಲ್ರದ್ದೂ... ಒಪ್ಪಿಗೆ..." ಅಂದರು.

"ಇದಕ್ಕೆ ನನ್ನ ಒಪ್ಪಿಗೆ ಉಂಟು" ಅಂದರು ಅತ್ತೆ.

ಆ ಘಟಕದಲ್ಲಿ ಅತ್ತೆ ಮೊದಲನೇ ಮಾತಿಗೇ ಒಪ್ಪಿದ್ದು ಅದೊಂದನ್ನೇ. ಆಮೇಲೆ ಎದ್ದುಹೋಗಿ ಉಚ್ಚಾಟಿತರಿಗೆ ರಾತ್ರಿಯ ಊಟಕ್ಕೆ ಹಲಸಿನಕಾಯಿ ಹುಳಿ ಮಾಡಿದರು. ಅದು ಮಾವನಿಗೆ ಪ್ರಾಣ. ಉಂಡರು, ಮಾತಾಡಲಿಲ್ಲ.

ಎಣಿಕೆಯ ದಿನ ಕೊಪ್ಪದಿಂದ ಮಾವ ಒಬ್ಬರೇ ಬಸ್ಸಿನಲ್ಲಿ ಬಂದರು. ಠೇವಣಿ ಹೋಗಿತ್ತು. ಹೋಗುವಾಗ ಎರಡು ಜೀಪಿನ ತುಂಬ ಜನ ಇದ್ದರು, ಬರುವಾಗ ಅವರಿಗೆಲ್ಲ ಕೊಪ್ಪದಲ್ಲೇ ಏನೋ ಕೆಲಸ ಬಂದಿತ್ತಂತೆ. ಗೆದ್ದವರ ಪಟಾಕಿ ಬಸ್‌ಸ್ಟ್ಯಾಂಡಿನಲ್ಲಿ ಸಿಡಿಯುತ್ತಿತ್ತು. ಮಾವ ಮನೆಗೆ ಬರದೆ ಅಂಗಡಿಗೆ ಹೋಗಿ, ಅರ್ಧ ಶಟರ್ ಎಳೆದು ಒಳಗೆ ಕೂತರು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, "ಬಾ" ಎಂದು ನನ್ನನ್ನು ಕರೆದುಕೊಂಡು ಹೊರಟರು. ನೋಡಿದಿರಾ, ನಾನು ಹೇಳಿರಲಿಲ್ಲವಾ ಅನ್ನಲು ಹೋಗುತ್ತಿದ್ದಾರೆಂದೇ ನಾನು ಹೆದರಿದೆ. ಅವರು ಶಟರಿನ ಕೆಳಗೆ ಬಗ್ಗಿ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತರು.

ಮಾವ ಎದುರಿನ ಗೋಡೆ ನೋಡುತ್ತಾ ಎಷ್ಟೋ ದಿನದ ಮೇಲೆ ಅತ್ತೆಯ ಹತ್ತಿರ ನೇರವಾಗಿ ಮಾತಾಡಿದರು. "ನೀ ಹೇಳಿದ್ದೇ ಸರಿಯಾಯ್ತು. ಊರಲ್ಲಿ ಒಬ್ಬರಿಗೂ ನಾನು ಬೇಡ."

"ಒಬ್ಬರಿಗೂ ಬೇಡ ಅಂತ ಯಾರು ಹೇಳಿದ್ದು? ನಾನು ಫ್ಯಾನಿಗೇ ಹಾಕಿದ್ದು" ಅಂದರು ಅತ್ತೆ.

ಮಾವ ತಿರುಗಿ ನೋಡಿದರು. ನಾನೂ ನೋಡಿದೆ.

"ಮತ್ತೆ ಟಿಕೆಟ್ಟಿಗೆ ಎಂತಕ್ಕೆ ಒಪ್ಪಿಗೆ ಕೊಡಲಿಲ್ಲ? ಹೊರಗೆ ಹಾಕಕ್ಕೆ ಎಂತಕ್ಕೆ ಒಪ್ಪಿದೆ?"

"ಒಪ್ಪಿಗೆ ಅಂದ್ರೆ ಊರಿನ ಪರವಾಗಿ ನಾನು ಕೊಡೋ ಮಾತು. ಅದನ್ನ ಗಂಡ ಅಂತ ಕೊಡಕ್ಕೆ ಬರಲ್ಲ" ಅಂದರು ಅತ್ತೆ. ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತಿದರು. "ಓಟು ನನ್ನದು. ಅದನ್ನ ಬೇರೆ ಯಾರಿಗೆ ಕೊಡಲಿ?"

ಮಾವ ಛತ್ರಿಯ ರಾಶಿಗೆ ಮುಖ ತಿರುಗಿಸಿ ಅತ್ತರು. ನಾನು ಶಟರಿನ ಹೊರಗೆ ಬಂದು ನಿಂತೆ.